ಕನ್ನಡಿ ನೆಟ್ಟಗಿದೆಯೇ? ಮೊದಲ ಟೆಲಿಸ್ಕೋಪನ್ನು ಪರೀಕ್ಷಿಸುವ ಬಗೆ

ಚಂದ್ರ ಚೆನ್ನಾಗಿ ಕಾಣುತ್ತಾನೆ, ಗುರು ಮಾತ್ರ ಕಲಸಿದಂತೆ ಕಾಣುತ್ತಾನೆ. ಮೊದಲ ಟೆಲಿಸ್ಕೋಪ್ ಕೊಂಡವರ ದೂರು ಬಹುಮಟ್ಟಿಗೆ ಇದೇ. ಪಟ್ಟೆಗಳು ಬಿಡಿಬಿಡಿಯಾಗಿ ತೋರುವುದಿಲ್ಲ, ಅಂಚು ಮೊನಚಾಗಿರುವುದಿಲ್ಲ, ಒಂದು ಬದಿಗೆ ಬೆಳಕು ಸೋರಿದ ಹಾಗಿರುತ್ತದೆ. ಚಿಕ್ಕಬಳ್ಳಾಪುರದ ಕಡೆ ಇದಕ್ಕೊಂದು ಸಿದ್ಧ ಉತ್ತರವಿದೆ: ದಕ್ಷಿಣಕ್ಕೆ ಬೆಂಗಳೂರಿನ ಬೆಳಕು, ಏನು ಮಾಡುವುದು! ಆ ಬೆಳಕು ಮಸುಕಾದ ನೀಹಾರಿಕೆಗಳನ್ನು ನುಂಗಿಹಾಕುತ್ತದೆ, ಸಂಶಯವಿಲ್ಲ. ಆದರೆ ಗುರುವಿನಷ್ಟು ಪ್ರಖರವಾದ ಗ್ರಹವನ್ನು ಕಲಸುವ ಶಕ್ತಿ ಅದಕ್ಕಿಲ್ಲ. ಬೆಂಗಳೂರನ್ನು ಬೈಯುವ ಮೊದಲು ಕೊಳವೆಯೊಳಗಿನ ಎರಡು ಕನ್ನಡಿಗಳು ಒಂದಕ್ಕೊಂದು ಸರಿಯಾಗಿ ಮುಖ ಮಾಡಿವೆಯೇ ಎಂದು ನೋಡಬೇಕು. ಹವ್ಯಾಸಿಗಳು ಇದನ್ನು ಕೊಲಿಮೇಶನ್ ಎನ್ನುತ್ತಾರೆ.

ಇದರಲ್ಲಿ ಎರಡು ಕೆಲಸಗಳಿವೆ, ನೋಡುವುದು ಮತ್ತು ತಿರುಗಿಸುವುದು. ಹೊಸಬರು ಎರಡನೆಯದಕ್ಕೆ ಹೆದರುತ್ತಾರೆ, ಇಲ್ಲವೇ ನೇರವಾಗಿ ಅದಕ್ಕೇ ಕೈ ಹಾಕುತ್ತಾರೆ. ಏನು ಕಾಣಬೇಕು ಎಂಬುದು ಗೊತ್ತಿಲ್ಲದೆ ಸ್ಕ್ರೂ ತಿರುಗಿಸಿದರೆ ಟೆಲಿಸ್ಕೋಪು ಪೆಟ್ಟಿಗೆಯಿಂದ ಹೊರಬಂದಾಗ ಇದ್ದುದಕ್ಕಿಂತ ಕೆಡುವ ಸಂಭವವೇ ಹೆಚ್ಚು. ಆದ್ದರಿಂದ ಇಲ್ಲಿ ನೋಡುವುದಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಮೊದಲು ನಿಮ್ಮ ಟೆಲಿಸ್ಕೋಪು ಯಾವ ಬಗೆಯದೆಂದು ಗುರುತಿಸಿಕೊಳ್ಳಿ. ಮುಂದೆ ಮಸೂರ, ಹಿಂದೆ ಕಣ್ಣು ಇಡುವ ಜಾಗ ಇದ್ದರೆ ಈ ತಾಪತ್ರಯ ನಿಮಗಿಲ್ಲ. ಕೊಳವೆಯ ಬಾಯಿ ತೆರೆದಿದ್ದು, ಕಣ್ಣಿಡುವ ಐಪೀಸ್ ಬಾಯಿಯ ಹತ್ತಿರ ಪಕ್ಕದಲ್ಲಿದ್ದರೆ ಅದು ನ್ಯೂಟನ್ ಮಾದರಿ. ಐಸಾಕ್ ನ್ಯೂಟನ್ 1668ರಲ್ಲಿ ಮಾಡಿದ ಏರ್ಪಾಡು ಇಂದಿಗೂ ಮೂಲದಲ್ಲಿ ಹಾಗೆಯೇ ಉಳಿದಿದೆ. 114, 130, 150 ಮಿಲಿಮೀಟರ್ ಅಗಲದ ಆರಂಭಿಕ ಟೆಲಿಸ್ಕೋಪುಗಳಲ್ಲಿ ಹೆಚ್ಚಿನವು ಈ ಜಾತಿಯವು. ಮೇಜಿನ ಮೇಲಿಡುವ 76 ಮಿಲಿಮೀಟರಿನ ಕೆಲವು ಪುಟ್ಟ ಟೆಲಿಸ್ಕೋಪುಗಳಲ್ಲಿ ದೊಡ್ಡ ಕನ್ನಡಿಗೆ ಸ್ಕ್ರೂಗಳೇ ಇರುವುದಿಲ್ಲ. ಬಂದದ್ದನ್ನು ಹಾಗೆಯೇ ಸ್ವೀಕರಿಸಬೇಕು. ಇನ್ನೊಂದು ಜಾತಿ ತುಸು ಮೋಸದ್ದು. 114 ಮಿಲಿಮೀಟರ್ ಅಗಲ, 1000 ಮಿಲಿಮೀಟರ್ ನಾಭಿದೂರ (ಕನ್ನಡಿಯಿಂದ ಬೆಳಕು ಕೂಡುವ ಜಾಗಕ್ಕಿರುವ ದೂರ) ಎಂದು ಬರೆದಿರುತ್ತದೆ, ಕೊಳವೆ ಮಾತ್ರ ಅದರ ಅರ್ಧದಷ್ಟೇ ಉದ್ದ. ಉಳಿದ ನಾಭಿದೂರವನ್ನು, ಐಪೀಸನ್ನು ಹಿಡಿದು ಹಿಂದೆಮುಂದೆ ಸರಿಸುವ ಫೋಕಸರ್‌ನ ಬುಡದಲ್ಲಿ ಕೂರಿಸಿದ ಮಸೂರವೊಂದು ಒದಗಿಸುತ್ತದೆ. ಆ ಮಸೂರ ಅಡ್ಡ ಇರುವಾಗ ಕನ್ನಡಿಗಳ ನೋಟವೂ ಕನ್ನಡಿ ಹೊಂದಿಸಲು ಬಳಸುವ ಲೇಸರ್ ಕಿರಣವೂ ಸೊಟ್ಟಗಾಗುತ್ತವೆ. ಕೊಳ್ಳುವ ಮೊದಲು ನನ್ನನ್ನು ಕೇಳಿದವರಿಗೆ ಅದು ಬೇಡವೆಂದೇ ಹೇಳುತ್ತೇನೆ.

ಬೆಳಕಿನ ದಾರಿ

ತೆರೆದ ಬಾಯಿಯಿಂದ ಒಳಬಂದ ಬೆಳಕು ಕೊಳವೆಯ ತಳದಲ್ಲಿರುವ ದೊಡ್ಡ ನಿಮ್ನ ಕನ್ನಡಿಗೆ ಬಡಿದು, ಶಂಕುವಿನಂತೆ ಕಿರಿದಾಗುತ್ತಾ ಮೇಲಕ್ಕೆ ಮರಳುತ್ತದೆ. ಬಾಯಿಯ ಹತ್ತಿರ 45 ಡಿಗ್ರಿ ವಾಲಿಸಿ ನಿಲ್ಲಿಸಿದ ಚಪ್ಪಟೆಯ ಚಿಕ್ಕ ಕನ್ನಡಿ ಅದನ್ನು ಪಕ್ಕಕ್ಕೆ, ಫೋಕಸರ್ ಒಳಕ್ಕೆ ತಿರುಗಿಸುತ್ತದೆ. ಅಷ್ಟೇ.

ಈ ದೊಡ್ಡ ಕನ್ನಡಿಯನ್ನು ಬಿಗಿಯಾಗಿ ಕಟ್ಟಿಹಾಕುವಂತಿಲ್ಲ. ಬಿಗಿದರೆ ಗಾಜು ಕಣ್ಣಿಗೆ ಕಾಣದಷ್ಟು ಬಾಗುತ್ತದೆ, ಅದರಿಂದಲೇ ಬಿಂಬ ಕೆಡುತ್ತದೆ. ಹಾಗಾಗಿ ಅದನ್ನು ಒಂದು ತಟ್ಟೆಯ ಮೇಲೆ ಮೂರು ಕ್ಲಿಪ್‌ಗಳ ಆಸರೆಯಲ್ಲಿ ಸಡಿಲವಾಗಿ ಕೂರಿಸಿ, ತಟ್ಟೆಯನ್ನು ಮೂರು ಸ್ಕ್ರೂ ಮತ್ತು ಸ್ಪ್ರಿಂಗ್‌ಗಳ ಮೇಲೆ ನಿಲ್ಲಿಸಿರುತ್ತಾರೆ. ಕೊರಿಯರ್ ಲಾರಿಯಲ್ಲಿ ಬಂದರೂ ಅಲುಗುತ್ತದೆ, ಗುಡಿಬಂಡೆಯ ಕತ್ತಲೆ ಹುಡುಕಿಕೊಂಡು ಬೈಕಿನ ಹಿಂದೆ ಹೊತ್ತೊಯ್ದರೂ ಅಲುಗುತ್ತದೆ. ಅದು ತಯಾರಿಕೆಯ ದೋಷವಲ್ಲ, ಆ ರಚನೆಯ ಸ್ವಭಾವ.

ಅಲುಗಿದರೆ ಏನಾಗುತ್ತದೆ? ಪ್ಯಾರಾಬೋಲಾ ಆಕಾರದ ಕನ್ನಡಿ ನಕ್ಷತ್ರವನ್ನು ಚುಕ್ಕೆಯಾಗಿ ಕೂಡಿಸುವುದು ತನ್ನ ಅಕ್ಷದ ಮೇಲೆ ಮಾತ್ರ. ಅಕ್ಷದಿಂದ ದೂರ ಸರಿದಷ್ಟೂ ಚುಕ್ಕೆಗೆ ಬಾಲ ಮೂಡುತ್ತದೆ. ಈ ದೋಷದ ಹೆಸರು ಕೋಮಾ. ಬಾಲವಿಲ್ಲದ, ಚೊಕ್ಕಟವಾದ ವಲಯ ಅಕ್ಷದ ಸುತ್ತ ಎಷ್ಟು ಅಗಲವಿದೆ ಎಂಬುದು ನಾಭಿ ಅನುಪಾತದ ಮೇಲೆ ನಿಂತಿದೆ. ನಾಭಿದೂರವನ್ನು ಕನ್ನಡಿಯ ಅಗಲದಿಂದ ಭಾಗಿಸಿದರೆ ಬರುವುದೇ ನಾಭಿ ಅನುಪಾತ. ಅದರ ಘನವನ್ನು (ಅನುಪಾತ 5 ಇದ್ದರೆ 5×5×5) 45ರಿಂದ ಭಾಗಿಸಿದರೆ ವಲಯದ ವ್ಯಾಸ ಸುಮಾರಾಗಿ ಮಿಲಿಮೀಟರಿನಲ್ಲಿ ಸಿಗುತ್ತದೆ. 1200 ಮಿಲಿಮೀಟರ್ ನಾಭಿದೂರದ 150 ಮಿಲಿಮೀಟರ್ ಟೆಲಿಸ್ಕೋಪಿಗೆ ಅನುಪಾತ 8, ವಲಯ 11 ಮಿಲಿಮೀಟರಿಗೂ ಚೂರು ಹೆಚ್ಚು. 650 ಮಿಲಿಮೀಟರ್ ನಾಭಿದೂರದ 130ಕ್ಕೆ ಅನುಪಾತ 5, ವಲಯ 2.8 ಮಿಲಿಮೀಟರ್. ಎರಡು ರಾಗಿ ಕಾಳನ್ನು ಪಕ್ಕಪಕ್ಕದಲ್ಲಿ ಇಟ್ಟಷ್ಟು! ಐಪೀಸಿನ ನಡುಭಾಗ ಆ ಎರಡು ಕಾಳಿನ ಜಾಗದೊಳಗೆ ಬೀಳಬೇಕು. ಉದ್ದ ಕೊಳವೆಯವರು ಎಷ್ಟೋ ತಿಂಗಳು ಕನ್ನಡಿಯ ಯೋಚನೆಯಿಲ್ಲದೆ ಇರುವುದೂ, ಗಿಡ್ಡ ಕೊಳವೆಯವರು ಪದೇಪದೇ ಗೊಣಗುವುದೂ ಇದೇ ಲೆಕ್ಕದಿಂದ.

ನಮ್ಮ ಜಿಲ್ಲೆಯ ಗೌರಿಬಿದನೂರಿನಲ್ಲಿ 1976ರಿಂದ ಇರುವ ರೇಡಿಯೋ ದೂರದರ್ಶಕದಲ್ಲಿ ಕನ್ನಡಿಯೇ ಇಲ್ಲ. ಭಾರತೀಯ ಖಭೌತ ಸಂಸ್ಥೆಯೂ ರಾಮನ್ ಸಂಶೋಧನಾ ಸಂಸ್ಥೆಯೂ ಸೇರಿ ಕಟ್ಟಿದ ಆ ವ್ಯವಸ್ಥೆಯಲ್ಲಿ ಬಯಲಿನ ತುಂಬ ಸಾವಿರ ಡೈಪೋಲ್ ಆಂಟೆನಾಗಳಿವೆ. ಎಲ್ಲದರ ಸಂಕೇತಗಳೂ ಒಂದೇ ಹೆಜ್ಜೆಯಲ್ಲಿ ಕೂಡಬೇಕು, ತಪ್ಪಿದರೂ ಒಂದು ಅಲೆಯ ಕಾಲು ಭಾಗದೊಳಗೇ ಇರಬೇಕು ಎಂಬ ನಿಯಮ ಅಲ್ಲಿಯೂ ಇದೆ. ಆದರೆ 34.5 ಮೆಗಾಹರ್ಟ್ಸ್‌ನಲ್ಲಿ ಒಂದು ಅಲೆಯ ಉದ್ದವೇ 8.7 ಮೀಟರ್, ಅದರ ಕಾಲು ಭಾಗ ಎಂದರೆ ಎರಡು ಮೀಟರಿಗೂ ಮಿಗಿಲು. ಕಣ್ಣಿಗೆ ಕಾಣುವ ಬೆಳಕಿನ ಅಲೆಯ ಕಾಲು ಭಾಗ ಒಂದು ಮಿಲಿಮೀಟರಿನ ಸುಮಾರು ಏಳು ಸಾವಿರದಲ್ಲೊಂದು ಪಾಲು. ನಮ್ಮ ತಾರಸಿಯ ಆಟಿಕೆಯಂಥ ಕೊಳವೆ ಇಷ್ಟೊಂದು ಮುನಿಸಿಕೊಳ್ಳುವುದು ಅದಕ್ಕೇ.

ಎರಡು ಮಿಲಿಮೀಟರ್ ತೂತು

ನೋಡುವುದಕ್ಕೆ ಬೇಕಾದ ಸಾಧನ ಹೆಚ್ಚುಕಡಿಮೆ ಪುಕ್ಕಟೆ. ಫೋಕಸರ್‌ಗೆ ಬರುವ ಪ್ಲಾಸ್ಟಿಕ್ ಧೂಳುಮುಚ್ಚಳದ ನಟ್ಟನಡುವೆ ಎರಡು ಮಿಲಿಮೀಟರಿನ ತೂತು ಕೊರೆಯಿರಿ. ಒಳಮೈಗೆ ಬಿಳಿ ಕಾಗದವನ್ನೋ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಯನ್ನೋ ಅಂಟಿಸಿ ಅದರಲ್ಲೂ ತೂತು ಬಿಡಿ. ಹಿಂದೆ ಫೋಟೋ ಸ್ಟುಡಿಯೋಗಳಲ್ಲಿ ಎಸೆಯುತ್ತಿದ್ದ 35 ಎಂಎಂ ಫಿಲ್ಮ್ ಡಬ್ಬಿ 31.75 ಮಿಲಿಮೀಟರಿನ ಫೋಕಸರ್‌ಗೆ ಒಪ್ಪವಾಗಿ ಕೂರುತ್ತಿತ್ತು. ಈಗ ಅದನ್ನು ಹುಡುಕುವುದೇ ದೊಡ್ಡ ಕೆಲಸ. ತೂತಿನ ಉಪಯೋಗ ಇಷ್ಟೆ: ಕಣ್ಣು ಫೋಕಸರ್‌ನ ನಡುವಿನಿಂದ ಅತ್ತಿತ್ತ ಸರಿಯದಂತೆ ಅದು ಕಟ್ಟಿಹಾಕುತ್ತದೆ.

ಅಗ್ಗದ ಲೇಸರ್ ಸಾಧನವನ್ನು ಮೊದಲ ದಿನವೇ ಕೊಳ್ಳಬೇಡಿ. ಲೇಸರೇ ತನ್ನ ಡಬ್ಬಿಯೊಳಗೆ ಸೊಟ್ಟಗೆ ಕೂತಿರುವುದು ಸಾಮಾನ್ಯ. ಈಗಾಗಲೇ ಕೊಂಡಿದ್ದರೆ ಅದನ್ನು ಆಸರೆಯ ಮೇಲಿಟ್ಟು ಗೋಡೆಯತ್ತ ಬಿಟ್ಟು ಅಲ್ಲೇ ಉರುಳಿಸಿ. ಕೆಂಪು ಚುಕ್ಕೆ ಒಂದೆಡೆ ನಿಂತರೆ ಸರಿ, ಗೋಡೆಯ ಮೇಲೆ ವೃತ್ತ ಬರೆದರೆ ಅದನ್ನು ನಂಬಿ ಕನ್ನಡಿ ಮುಟ್ಟಬೇಡಿ. ಚಿಕ್ಕ ಕನ್ನಡಿ ತನ್ನ ಜಾಗದಲ್ಲಿ ಇಲ್ಲದಿದ್ದರೂ ಲೇಸರ್ ಎಲ್ಲವೂ ಸರಿಯಿದೆ ಎಂದು ಹೇಳಿಬಿಡಬಹುದು. ಕಿರಣ ಮಕ್ಕಳ ಕಣ್ಣಿಗೆ ಬೀಳುವ ಅಪಾಯ ಬೇರೆ.

ದೊಡ್ಡ ಕನ್ನಡಿಯ ನಡುವೆ ಒಂದು ಗುರುತು ಇರಬೇಕು. ಹಲವು ಕಂಪನಿಗಳು ಪುಟ್ಟ ಉಂಗುರವೊಂದನ್ನು ಅಂಟಿಸಿಯೇ ಕಳಿಸುತ್ತವೆ. ಇಲ್ಲದಿದ್ದರೆ ಕನ್ನಡಿಯ ತಟ್ಟೆಯನ್ನು ಬಿಚ್ಚಿ ಹೊರತೆಗೆದು, ಅದರ ಅಳತೆಗೆ ಕತ್ತರಿಸಿದ ಕಾಗದವನ್ನು ನಾಲ್ಕಾಗಿ ಮಡಚಿ, ತುದಿ ಚಿವುಟಿ, ಬಿಡಿಸಿ ಮೇಲಿಟ್ಟರೆ ಕೇಂದ್ರ ಸಿಗುತ್ತದೆ. ಅಲ್ಲಿ ಮಾರ್ಕರ್‌ನಿಂದ ಚುಕ್ಕೆಯಿಟ್ಟು, ಫೈಲಿನ ಕಾಗದ ಹರಿಯದಂತೆ ತೂತಿಗೆ ಅಂಟಿಸುವ ದುಂಡನೆಯ ಸ್ಟಿಕ್ಕರ್ ಹಚ್ಚಬೇಕು. ಬೆಳಕಿಗೆ ಅಡ್ಡವಾಗುತ್ತದೆ ಎಂಬ ಭಯ ಬೇಡ. ಆ ಜಾಗ ಹೇಗೂ ಚಿಕ್ಕ ಕನ್ನಡಿಯ ನೆರಳಿನಲ್ಲಿದೆ. ಆದರೆ ಬೆರಳು ತಾಗಿಸಬೇಡಿ, ಪಂಚೆಯ ಚುಂಗಿನಿಂದ ಒರೆಸಲೇಬೇಡಿ. ಗಾಜಿನ ಮೇಲ್ಮೈಯಲ್ಲೇ ಇರುವ ಅಲ್ಯೂಮಿನಿಯಂ ಲೇಪ ಸುಮಾರು ನೂರು ನ್ಯಾನೋಮೀಟರ್ ದಪ್ಪದ್ದು. ಮೇಲೆ ಕೂತ ಧೂಳಿಗಿಂತ ಒರೆಸಿದ ಗೀರುಗಳಿಂದ ಆಗುವ ನಷ್ಟವೇ ದೊಡ್ಡದು.

ಈಗ ಹಗಲಿನಲ್ಲಿ, ಸೂರ್ಯನಿಗೆ ಬೆನ್ನುಮಾಡಿ, ಕೊಳವೆಯನ್ನು ಬಿಳಿಗೋಡೆಯ ಕಡೆಗೋ ಬೆಳಕಾದ ಆಕಾಶದ ಕಡೆಗೋ ತಿರುಗಿಸಿ. ಮುಚ್ಚಳ ಹಾಕಿ ತೂತಿನಲ್ಲಿ ಕಣ್ಣಿಡಿ. ಒಂದರೊಳಗೊಂದು ವೃತ್ತಗಳು ಕಂಡು ತಲೆ ಕೆಡುತ್ತದೆ. ಹೊರಗಿನಿಂದ ಒಳಕ್ಕೆ ಒಂದೊಂದಾಗಿ ಹೆಸರಿಡುತ್ತಾ ಬನ್ನಿ. ಎಲ್ಲಕ್ಕಿಂತ ಹೊರಗೆ ಫೋಕಸರ್ ಕೊಳವೆಯ ಅಂಚು. ಅದರೊಳಗೆ ಚಿಕ್ಕ ಕನ್ನಡಿ. ನಿಜದಲ್ಲಿ ಅಂಡಾಕಾರದ್ದು, ವಾಲಿರುವುದರಿಂದ ದುಂಡಗೆ ಕಾಣುತ್ತದೆ. ಅದರೊಳಗೆ ದೊಡ್ಡ ಕನ್ನಡಿಯ ಪ್ರತಿಬಿಂಬ, ಅಂಚಿನಲ್ಲಿ ಅದರ ಮೂರು ಕ್ಲಿಪ್‌ಗಳು. ಅದರೊಳಗೆ ಕಪ್ಪಗೆ, ಚಿಕ್ಕ ಕನ್ನಡಿಯದೇ ನೆರಳು ದೊಡ್ಡ ಕನ್ನಡಿಯಲ್ಲಿ ಪ್ರತಿಫಲಿಸಿದ್ದು, ಅದನ್ನು ಹಿಡಿದ ತೆಳುವಾದ ಪಟ್ಟಿಗಳೊಂದಿಗೆ. ಆ ಕಪ್ಪಿನ ನಡುವೆ ನಿಮ್ಮ ಮುಚ್ಚಳದ ಬಿಳಿಯ ಒಳಮೈ, ಅದರಲ್ಲೊಂದು ಕಪ್ಪು ಚುಕ್ಕೆ. ಆ ಚುಕ್ಕೆ ನೀವು ಕಣ್ಣಿಟ್ಟಿರುವ ತೂತು. ದೊಡ್ಡ ಕನ್ನಡಿಯ ನಡುವಿನ ಉಂಗುರವೂ ಅಲ್ಲೇ ಆಸುಪಾಸಿನಲ್ಲಿ ಕಾಣಬೇಕು.

ಕೇಳಬೇಕಾದ ಪ್ರಶ್ನೆಗಳು ಮೂರು, ಈ ಕ್ರಮದಲ್ಲೇ. ಚಿಕ್ಕ ಕನ್ನಡಿ ಫೋಕಸರ್‌ನ ನಡುವೆ ದುಂಡಗೆ ಕೂತಿದೆಯೇ? ಒಳಗಿನ ಪ್ರತಿಬಿಂಬಗಳು ಗೊಂದಲ ಮಾಡಿದರೆ ಎರಡು ಕನ್ನಡಿಗಳ ನಡುವೆ ಒಂದು ಬಣ್ಣದ ಕಾಗದ, ಫೋಕಸರ್‌ಗೆ ಎದುರಿನ ಗೋಡೆಗೆ ಇನ್ನೊಂದು ಬಣ್ಣದ ಕಾಗದ ಇಟ್ಟುಬಿಡಿ, ಅಂಚು ಎದ್ದು ಕಾಣುತ್ತದೆ. ಎರಡನೆಯದು: ದೊಡ್ಡ ಕನ್ನಡಿಯ ಮೂರು ಕ್ಲಿಪ್‌ಗಳೂ ಸಮವಾಗಿ ಕಾಣುತ್ತಿವೆಯೇ? ಒಂದು ಮರೆಯಾಗಿದ್ದರೆ ಚಿಕ್ಕ ಕನ್ನಡಿಯ ವಾಲು ತಪ್ಪಿದೆ. ಮೂರನೆಯದು: ಉಂಗುರದ ನಟ್ಟನಡುವೆ ಆ ಕಪ್ಪು ಚುಕ್ಕೆ ಇದೆಯೇ? ಇಲ್ಲದಿದ್ದರೆ ದೊಡ್ಡ ಕನ್ನಡಿ ವಾಲಿದೆ.

ಮೂರಕ್ಕೂ ಒಂದೇ ತೂಕವಿಲ್ಲ. ಮೊದಲನೆಯದು ಸ್ವಲ್ಪ ತಪ್ಪಿದರೆ ನೋಟದ ಒಂದಂಚು ತುಸು ಮಂಕಾಗುತ್ತದೆ, ಕಣ್ಣಿಗೆ ಅದು ಗೊತ್ತೂ ಆಗದು. ಗುರುವನ್ನು ಕಲಸುವುದು ಮೂರನೆಯದು. ಚಿಕ್ಕ ಕನ್ನಡಿಯ ಮುಂದೆ ಅರ್ಧ ದಿನ ಕಳೆದು ಮೂರನೆಯ ಪ್ರಶ್ನೆಗೆ ಬರುವ ಹೊತ್ತಿಗೆ ದಣಿದುಬಿಡುವವರೇ ಹೆಚ್ಚು. ಅಂಥವರಿಗೆ ನನ್ನ ಸಲಹೆ: ಮೊದಲೆರಡು ಹೆಚ್ಚುಕಡಿಮೆ ಸರಿ ಕಂಡರೆ ಮುಟ್ಟದೆ ಮುಂದೆ ಹೋಗಿ.

ಕೆಟ್ಟಿದೆ ಎಂದು ಕಂಡರೂ ಕೆಡದೇ ಇರುವ ಒಂದು ವಿಷಯವಿದೆ. ಅನುಪಾತ 5ರ ಟೆಲಿಸ್ಕೋಪಿನಲ್ಲಿ ಎಲ್ಲ ಸರಿಯಿದ್ದಾಗಲೂ ಆ ಕಪ್ಪು ನೆರಳು ನಡುವೆ ಇರುವುದಿಲ್ಲ, ದೊಡ್ಡ ಕನ್ನಡಿಯ ದಿಕ್ಕಿಗೆ ಸ್ವಲ್ಪ ಸರಿದಿರುತ್ತದೆ. ಕಿರಿದಾಗುತ್ತಾ ಬರುವ ಬೆಳಕಿನ ಶಂಕುವನ್ನು ಓರೆಯಾಗಿ ಕತ್ತರಿಸುವಾಗ ತಳದ ಕಡೆಯ ಅರ್ಧ ಹೆಚ್ಚು ಅಗಲವಿರುತ್ತದೆ. ಇಡೀ ಶಂಕುವನ್ನು ಹಿಡಿಯಲು ಚಿಕ್ಕ ಕನ್ನಡಿ ಅತ್ತ ಸರಿಯಲೇಬೇಕು. 40 ಮಿಲಿಮೀಟರ್ ಅಗಲದ ಚಿಕ್ಕ ಕನ್ನಡಿಗೆ ಇದು ಸುಮಾರು ಎರಡು ಮಿಲಿಮೀಟರ್. ಇದನ್ನು ನಡುವಿಗೆ ತರಲು ಹಟ ಹಿಡಿದರೆ ಸರಿಯಿದ್ದದ್ದೂ ಕೆಡುತ್ತದೆ. ನೆರಳನ್ನು ಬಿಟ್ಟು ಉಂಗುರ ಮತ್ತು ಚುಕ್ಕೆಯನ್ನಷ್ಟೇ ನೋಡಿ.

ಸ್ಕ್ರೂಗೆ ಕೈ ಹಾಕುವಾಗ

ಕೊಳವೆಯ ಹಿಂಬದಿಯಲ್ಲಿ ಸಾಮಾನ್ಯವಾಗಿ ಆರು ಸ್ಕ್ರೂಗಳಿರುತ್ತವೆ: ಮೂರು ಕನ್ನಡಿಯನ್ನು ವಾಲಿಸುವವು, ಮೂರು ಅದನ್ನು ಬಿಗಿದಿಡುವವು. ಬಿಗಿಯುವವನ್ನು ಮೊದಲು ಸಡಿಲಿಸಬೇಕು. ಆಮೇಲೆ ಒಂದೊಂದನ್ನೇ, ತುಸುತುಸುವೇ ತಿರುಗಿಸಬೇಕು. ಎಷ್ಟು ತುಸು ಎಂದು ಲೆಕ್ಕ ಹಾಕೋಣ. ಒಂದು ಪೂರ್ತಿ ಸುತ್ತಿಗೆ ಮುಕ್ಕಾಲು ಮಿಲಿಮೀಟರ್ ಸರಿಯುವ ಸ್ಕ್ರೂ ಎಂದುಕೊಳ್ಳಿ, ಅದು ಉಳಿದೆರಡನ್ನು ಕೂಡಿಸುವ ಗೆರೆಯಿಂದ 90 ಮಿಲಿಮೀಟರ್ ದೂರದಲ್ಲಿದೆ, ನಾಭಿದೂರ 650. ಕಾಲು ಸುತ್ತಿಗೆ ಕನ್ನಡಿಯ ಅಕ್ಷ ಸುಮಾರು 1.4 ಮಿಲಿಮೀಟರ್ ಸರಿಯುತ್ತದೆ. 2.8 ಮಿಲಿಮೀಟರ್ ವಲಯದ ನಡುವಿನಿಂದ ಅಂಚಿಗೆ ಸರಿಯಾಗಿ ಅಷ್ಟೇ ದೂರ. ಅಂದರೆ ಕಾಲು ಸುತ್ತು ಈ ಕೆಲಸದಲ್ಲಿ ದೊಡ್ಡ ತಿರುವು.

ಒಬ್ಬರೇ ಮಾಡಿದರೆ ಕಣ್ಣಿಡುವುದು ಮುಂದೆ, ಸ್ಕ್ರೂ ಹಿಂದೆ, ನಡುವೆ ಓಡಾಟ. ಶಿಡ್ಲಘಟ್ಟದ ಒಂದು ತಾರಸಿಯಲ್ಲಿ ಅಕ್ಕ ತಮ್ಮ ಇಬ್ಬರು ಕೆಲಸ ಹಂಚಿಕೊಂಡದ್ದನ್ನು ನೋಡಿದೆ. ಅಕ್ಕ ತೂತಿನಲ್ಲಿ ಕಣ್ಣಿಟ್ಟಿದ್ದಳು, ತಮ್ಮ ಹಿಂದೆ ಕುಕ್ಕರುಗಾಲಿನಲ್ಲಿ ಕೂತಿದ್ದ.

“ಯಾವುದನ್ನು ತಿರುಗಿಸಲಿ ಅಕ್ಕಾ?”

“ಮೊದಲು ತಿರುಗಿಸಬೇಡ. ಒಂದೊಂದರ ಮೇಲೂ ಬೆರಳಿಟ್ಟು ಒತ್ತು ಸಾಕು.”

ಸ್ಪ್ರಿಂಗ್ ಮೇಲೆ ನಿಂತ ಕನ್ನಡಿ ಒತ್ತಿದರೆ ಚೂರು ವಾಲುತ್ತದೆ, ಉಂಗುರ ಯಾವ ಕಡೆಗೆ ಹೋಗುತ್ತದೆಂದು ಅಕ್ಕನಿಗೆ ಕಾಣುತ್ತದೆ. ಯಾವ ಸ್ಕ್ರೂ ಬೇಕೆಂಬುದು ತಿರುಗಿಸುವ ಮೊದಲೇ ಗೊತ್ತಾಯಿತು. ಅದನ್ನು ತಮ್ಮ ನಿಧಾನವಾಗಿ ಬಿಗಿಯುತ್ತಾ ಹೋದ, ಅಕ್ಕ “ಬಾ, ಬಾ, ಸಾಕು ಕಣೋ” ಎನ್ನುವವರೆಗೆ. ಎಲ್ಲ ಸ್ಪ್ರಿಂಗ್‌ಗಳಲ್ಲೂ ಈ ಒತ್ತುವ ಉಪಾಯ ನಡೆಯುವುದಿಲ್ಲ, ಕೆಲವು ಕಲ್ಲಿನಷ್ಟು ಗಟ್ಟಿ. ನಡೆದರೆ ಅರ್ಧ ಶ್ರಮ ಉಳಿಯುತ್ತದೆ.

ಕೊನೆಗೆ ಬಿಗಿಯುವ ಸ್ಕ್ರೂಗಳನ್ನು ಮೂರಕ್ಕೂ ಸಮವಾಗಿ, ಬೆರಳ ತುದಿಯ ಬಲದಲ್ಲಿ ಬಿಗಿಯಿರಿ, ಬಿಗಿದ ಮೇಲೆ ಮತ್ತೆ ತೂತಿನಲ್ಲಿ ನೋಡಿ. ಬಿಗಿಯುವಾಗಲೇ ಉಂಗುರ ಜಾರುವುದುಂಟು. ಚಿಕ್ಕ ಕನ್ನಡಿಯ ಸ್ಕ್ರೂ ಮುಟ್ಟುವುದಾದರೆ ಕೊಳವೆಯನ್ನು ಅಡ್ಡಲಾಗಿ ಮಲಗಿಸಿ. ನೆಟ್ಟಗೆ ನಿಂತಿದ್ದಾಗ ಆಲನ್ ಕೀ ಕೈಜಾರಿದರೆ ಬೀಳುವುದು ನೇರವಾಗಿ ದೊಡ್ಡ ಕನ್ನಡಿಯ ಮೇಲೆ.

ರಾತ್ರಿ, ನಕ್ಷತ್ರದ ಮುಂದೆ

ಹಗಲಿನ ಪರೀಕ್ಷೆ ಹತ್ತಿರಕ್ಕೆ ತಂದು ಬಿಡುತ್ತದೆ, ತೀರ್ಪು ನಕ್ಷತ್ರದ್ದು. ಕೊಳವೆಯನ್ನು ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲೇ ಹೊರಗಿಡಿ. ಮನೆಯೊಳಗೆ ಬೆಚ್ಚಗಿದ್ದ ಗಾಜು ಡಿಸೆಂಬರಿನ ಚಳಿಗೆ ಇಳಿಯುವವರೆಗೆ ಅದರಿಂದ ಏಳುವ ಬಿಸಿಗಾಳಿಯೇ ನೋಟವನ್ನು ಕದಡುತ್ತದೆ, ಆಗ ಏನನ್ನೂ ನಿರ್ಣಯಿಸುವಂತಿಲ್ಲ.

ಯೂರೋಪ್, ಅಮೆರಿಕದವರು ಬರೆದ ಕೈಪಿಡಿಗಳು ಧ್ರುವ ನಕ್ಷತ್ರವನ್ನು ಹಿಡಿಯಿರಿ ಎನ್ನುತ್ತವೆ, ಅದು ಅಲ್ಲಾಡುವುದಿಲ್ಲವೆಂದು. ಅವರ ಊರಿನಲ್ಲಿ ಅದು 40, 50 ಡಿಗ್ರಿ ಎತ್ತರದಲ್ಲಿದೆ. ಚಿಕ್ಕಬಳ್ಳಾಪುರ ಇರುವುದು 13.4 ಡಿಗ್ರಿ ಅಕ್ಷಾಂಶದಲ್ಲಿ, ಧ್ರುವ ನಕ್ಷತ್ರವೂ ದಿಗಂತದಿಂದ ಅಷ್ಟೇ ಮೇಲೆ. ತಲೆಯ ನೇರಕ್ಕೆ ಇರುವ ಗಾಳಿಗಿಂತ ನಾಲ್ಕು ಪಟ್ಟು ಗಾಳಿಯನ್ನು ದಾಟಿ ಅದರ ಬೆಳಕು ಬರಬೇಕು. ಆ ನಡುಕದಲ್ಲಿ ಕನ್ನಡಿಯ ದೋಷ ಯಾವುದು, ಗಾಳಿಯದು ಯಾವುದು ಎಂದು ಬೇರ್ಪಡಿಸಲಾಗದು. ನಮಗೆ ಒದಗುವುದು ಪಂಚಾಂಗದ ನಕ್ಷತ್ರಗಳೇ: ಡಿಸೆಂಬರ್, ಜನವರಿಯಲ್ಲಿ ರೋಹಿಣಿ, ಮಾರ್ಚ್, ಏಪ್ರಿಲ್‌ನಲ್ಲಿ ಮಘೆ, ಮೇ ತಿಂಗಳಲ್ಲಿ ಸ್ವಾತಿ, ಮಳೆ ಬಿಡುವು ಕೊಟ್ಟರೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಶ್ರವಣ. ನಾಲ್ಕೂ ನಮ್ಮ ನೆತ್ತಿಯ ಹತ್ತಿರವೇ ಹಾದುಹೋಗುತ್ತವೆ. ನೆಲದ ಮೇಲೆ ಕೂರುವ ಡಾಬ್ಸೋನಿಯನ್ ಪೀಠದವರಿಗೆ ತೀರ ನೆತ್ತಿಯ ಮೇಲಿನದನ್ನು ಹಿಡಿಯುವುದು ಕಷ್ಟ. ಅದು ಅಲ್ಲಿಗೆ ಬರುವ ಗಂಟೆ ಒಂದೂವರೆ ಗಂಟೆ ಮೊದಲು ಹಿಡಿಯಿರಿ.

130 ಮಿಲಿಮೀಟರಿನ ಟೆಲಿಸ್ಕೋಪಿಗೆ 150ರಿಂದ 200 ಪಟ್ಟು ವರ್ಧನೆ ಬೇಕು. ನಕ್ಷತ್ರವನ್ನು ನಡುವಿಗೆ ತಂದು ಫೋಕಸನ್ನು ಚೂರೇ ಚೂರು ತಪ್ಪಿಸಿ. ಚುಕ್ಕೆ ಅರಳಿ ಉಂಗುರಗಳಾಗುತ್ತದೆ, ನಡುವೆ ಚಿಕ್ಕ ಕನ್ನಡಿಯ ಕಪ್ಪು ನೆರಳು. ಉಂಗುರಗಳೆಲ್ಲ ಒಂದೇ ಕೇಂದ್ರದ ಸುತ್ತ ಇದ್ದರೆ ಕೆಲಸ ಮುಗಿಯಿತು. ಒಂದು ಬದಿಗೆ ಒತ್ತಿಕೊಂಡಿದ್ದರೆ ನಕ್ಷತ್ರವನ್ನು ನೋಟದ ವೃತ್ತದಲ್ಲಿ ಅತ್ತಿತ್ತ ಒಯ್ದು ನೋಡಿ. ಎಲ್ಲಿ ಉಂಗುರಗಳು ಸಮವಾಗುತ್ತವೆಯೋ ಕನ್ನಡಿಯ ಅಕ್ಷ ಈಗ ಅಲ್ಲಿದೆ. ಅಲ್ಲಿಂದ ನಕ್ಷತ್ರವನ್ನು ಹಿಂದಿನ ಸ್ಕ್ರೂಗಳಿಂದಲೇ ನಡುವಿಗೆ ಎಳೆದು ತನ್ನಿ. ಕನ್ನಡಿ ವಾಲಿದಾಗ ನಕ್ಷತ್ರದ ಬಿಂಬ ಅಕ್ಷಕ್ಕಿಂತ ಇಮ್ಮಡಿ ದೂರ ಸರಿಯುವುದರಿಂದ ಒಂದು ಸಲಕ್ಕೆ ದೋಷ ಅರ್ಧದಷ್ಟೇ ಕಡಿಮೆಯಾಗುತ್ತದೆ. ಎರಡು ಮೂರು ಸಲ ಮಾಡಬೇಕಾಗುತ್ತದೆ. 200 ಪಟ್ಟಿನಲ್ಲಿ ನಕ್ಷತ್ರ ಸುಮಾರು ಒಂದು ನಿಮಿಷದಲ್ಲಿ ನೋಟವನ್ನು ದಾಟಿಹೋಗುತ್ತದೆ, ಆದ್ದರಿಂದ ಕೊಳವೆಯನ್ನು ತಳ್ಳುತ್ತಲೇ ಇರಬೇಕು. ಸಹನೆ ಕಳೆದುಕೊಳ್ಳಲು ಇಷ್ಟು ಸಾಕು.

ಕಂಡದ್ದೆಲ್ಲ ಕೊಲಿಮೇಶನ್ ದೋಷವಲ್ಲ. ಇಡೀ ನಕ್ಷತ್ರ ಕುದಿಯುವಂತಿದ್ದರೆ ಗಾಳಿ. ನೋಟದ ಅಂಚಿನಲ್ಲಿ ಮಾತ್ರ ಬಾಲಗಳು ಹೊರಮುಖವಾಗಿದ್ದರೆ ಅದು ಸಹಜ ಕೋಮಾ, ಗಿಡ್ಡ ಕೊಳವೆಯ ಹುಟ್ಟುಗುಣ. ನಡುವಿನ ನಕ್ಷತ್ರಕ್ಕೆ ಯಾವಾಗಲೂ ಒಂದೇ ದಿಕ್ಕಿಗೆ ಬಾಲವಿದ್ದರೆ ಸ್ಕ್ರೂ. ತ್ರಿಕೋನದಂತೆ ಕಂಡರೆ ಕ್ಲಿಪ್‌ಗಳು ಗಾಜನ್ನು ಹಿಸುಕುತ್ತಿವೆ, ಕಾಗದ ಒಂದು ನುಸುಳುವಷ್ಟು ಸಡಿಲಿಸಿ. ಫೋಕಸ್‌ನ ಈಚೆ ಉದ್ದಕ್ಕೆ, ಆಚೆ ಅಡ್ಡಕ್ಕೆ ಎಳೆದಂತಿದ್ದರೆ ಗಾಜಿನ ಆಕಾರದಲ್ಲೇ, ಇಲ್ಲವೇ ನಿಮ್ಮ ಕಣ್ಣಿನಲ್ಲೇ ದೋಷವಿರಬಹುದು. ತಲೆಯನ್ನು ವಾಲಿಸಿದಾಗ ಎಳೆತವೂ ವಾಲಿದರೆ ಕನ್ನಡಕದವರನ್ನು ಕಾಣಬೇಕು. ಆಕಾರ ಕೆಟ್ಟರೆ ಸ್ಕ್ರೂಗಳು ಏನೂ ಮಾಡಲಾರವು. 1990ರಲ್ಲಿ ಮೇಲೇರಿದ ಹಬಲ್ ದೂರದರ್ಶಕದ ಕನ್ನಡಿ ಅಂಚಿನಲ್ಲಿ 2.2 ಮೈಕ್ರಾನ್ ತಪ್ಪಿತ್ತು. ಯಾವ ಹೊಂದಾಣಿಕೆಯೂ ಅದನ್ನು ಸರಿಮಾಡಲಿಲ್ಲ. 1993ರಲ್ಲಿ ಗಗನಯಾತ್ರಿಗಳು ಹೋಗಿ ತಿದ್ದುವ ಉಪಕರಣಗಳನ್ನೇ ಕೂರಿಸಬೇಕಾಯಿತು.

ಫೆಬ್ರವರಿ, ಮಾರ್ಚ್‌ನ ಸಂಜೆಯಾದರೆ ಕಡೆಯ ಪರೀಕ್ಷೆಗೆ ಪುನರ್ವಸುವಿನ ಜೋಡಿಯತ್ತ ತಿರುಗಿ. ಅದರಲ್ಲಿ ತುಸು ಮಸುಕಾದ, ಉತ್ತರದ ಕಡೆಯದು ಕ್ಯಾಸ್ಟರ್. ಬರಿಗಣ್ಣಿಗೆ ಒಂದೇ ನಕ್ಷತ್ರ, ಟೆಲಿಸ್ಕೋಪಿನಲ್ಲಿ ಎರಡು, ನಡುವೆ ಐದಾರು ಆರ್ಕ್‌ಸೆಕೆಂಡಿನ ಅಂತರ (ಒಂದು ಆರ್ಕ್‌ಸೆಕೆಂಡ್ ಎಂದರೆ ಡಿಗ್ರಿಯ 3600ರಲ್ಲೊಂದು ಪಾಲು). 130 ಮಿಲಿಮೀಟರಿನ ಕನ್ನಡಿ ತಾತ್ವಿಕವಾಗಿ ಒಂದು ಆರ್ಕ್‌ಸೆಕೆಂಡಿಗಿಂತ ಹತ್ತಿರದ ಜೋಡಿಯನ್ನೂ ಬಿಡಿಸಬಲ್ಲದು, ಇದು ಅದಕ್ಕೆ ಲೀಲಾಜಾಲ. ಗಾಳಿ ಶಾಂತವಾಗಿರುವ ರಾತ್ರಿಯಲ್ಲಿ, 150 ಪಟ್ಟಿನಲ್ಲಿ, ಎರಡರ ನಡುವೆ ಕಪ್ಪು ಆಕಾಶ ಕಾಣದಿದ್ದರೆ ಮತ್ತೆ ಮುಚ್ಚಳ ಹಾಕಿ ಉಂಗುರವನ್ನು ನೋಡಿ.